ಕಿಲೋಮೀಟರ್ ಆಮೇಲೆ ನೋಡಿ, ಮೊದಲು ಏನು ಹೊತ್ತಿತ್ತು ಕೇಳಿ

ನನ್ನ ಮೊದಲ ಪಿಕಪ್ ಮೀನು ನಾರುತ್ತಿತ್ತು. 2014ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಕೆಎ-19 ನಂಬರಿನ ಮಂಗಳೂರು ಕಡೆ ಗಾಡಿ. ‘ಒಂದು ಮಳೆ ಬಿದ್ರೆ ವಾಸನೆ ಹೋಗುತ್ತೆ ಅಣ್ಣ’ ಅಂದ ಬ್ರೋಕರ್. ಹೌದು, ವಾಸನೆ ಹೋಯಿತು. ಹಿಂದೆಯೇ ಚಾಸಿಯೂ ಹೋಯಿತು. ಮೀನಿನ ಕ್ರೇಟಿನ ಐಸು ಕರಗಿ ಉಪ್ಪುನೀರು ಸೋರುತ್ತದಲ್ಲ, ಅದು ಲೋಡ್ ಬಾಡಿಯ ಸಂದಿನಲ್ಲಿ ಇಳಿದು ಚಾಸಿಯ ಮೇಲೆ ಕೂತು ವರ್ಷಗಟ್ಟಲೆ ಕಬ್ಬಿಣ ತಿಂದಿತ್ತು. ಮೇಲೆ ಮಾತ್ರ ಹೊಸ ಕಪ್ಪು ಪೇಂಟು. ಕೊಂಡ ಹನ್ನೊಂದನೇ ತಿಂಗಳು ವಡ್ಡಹಳ್ಳಿ ಮಂಡಿಗೆ ಟೊಮೆಟೊ ತುಂಬಿಕೊಂಡು ಹೋಗುವಾಗ ಹಿಂದಿನ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಹಿಡಿದಿರುವ ಬ್ರಾಕೆಟ್ ಚಾಸಿಯ ಸಮೇತ ಕಿತ್ತುಕೊಂಡು ಬಂತು. ವೆಲ್ಡಿಂಗ್‌ನವನು ನೋಡಿ ‘ಎಲ್ಲಿಗೆ ಅಂತ ಹಚ್ಚಲಿ, ಹಚ್ಚೋಕೆ ಕಬ್ಬಿಣ ಎಲ್ಲಿದೆ?’ ಅಂದ.

ಅಲ್ಲಿಂದೀಚೆಗೆ ಎರಡು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದೇನೆ, ನೆಂಟರಿಗೆ ಆರೇಳು ಕೊಡಿಸಿದ್ದೇನೆ. ಎಲ್ಲರೂ ಮೊದಲು ಕೇಳುವುದು ‘ಎಷ್ಟು ಓಡಿದೆ?’ ಎಂದು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಹೊತ್ತ ಭಾರದ ಗುರುತನ್ನು ಅಳಿಸುವುದು ಅಷ್ಟು ಸುಲಭವಿಲ್ಲ.

ಮರಳು, ಜಲ್ಲಿ, ಸೈಜುಗಲ್ಲು ಹೊತ್ತ ಗಾಡಿಯಲ್ಲಿ ಲೋಡ್ ಬಾಡಿಯ ತಳ ತಗ್ಗುದಿಣ್ಣೆಯಾಗಿರುತ್ತದೆ. ಹಿಂದಿನ ಕಮಾನಿಗೆ ಎಕ್ಸ್‌ಟ್ರಾ ಪ್ಲೇಟು ಸೇರಿಸಿರುತ್ತಾರೆ. ಪ್ಲೇಟುಗಳನ್ನು ಎಣಿಸಿ. ಒಂದರ ಬಣ್ಣವೋ ದಪ್ಪವೋ ಬೇರೆ ಇದ್ದರೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಹೇರಿದ್ದಾರೆ ಎಂದೇ ಲೆಕ್ಕ. ಇದರಲ್ಲಿ ಇನ್ನೊಂದು ಅಪಾಯ ಅಡಗಿದೆ. ಕೆಲವು ಪಿಕಪ್‌ಗಳಲ್ಲಿ ಹಿಂಭಾಗ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಕೊಡುವ ವಾಲ್ವ್ ಇರುತ್ತದೆ. ಎಕ್ಸ್‌ಟ್ರಾ ಪ್ಲೇಟು ಹಾಕಿದ ಗಾಡಿ ತುಂಬಿದರೂ ಕುಸಿಯುವುದಿಲ್ಲ, ವಾಲ್ವ್ ಗಾಡಿ ಖಾಲಿ ಎಂದುಕೊಂಡು ಬ್ರೇಕು ಕಮ್ಮಿ ಕೊಡುತ್ತದೆ. ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಬೆಳಗಿನ ಹಾಲಿನ ಗಾಡಿ, ನೀರಿನ ಕ್ಯಾನ್ ಗಾಡಿ ಊರೂರಿಗೆ ನಿಂತು ನಿಂತು ಹೊರಟಿರುತ್ತವೆ. ಕ್ಲಚ್, ಬ್ರೇಕು, ಸೆಲ್ಫ್ ಮೋಟರ್ ಸವೆದಿರುತ್ತವೆ, ಆದರೆ ಇವು ಬದಲಾಯಿಸಬಹುದಾದ ಸಾಮಾನು, ಬೆಲೆಯಲ್ಲಿ ಕಳೆದುಕೊಂಡರೆ ಸಾಕು. ಕೋಳಿ ಗಾಡಿ ಬೇಡವೇ ಬೇಡ, ಹಿಕ್ಕೆ ತಗಡನ್ನು ತಿಂದಿರುತ್ತದೆ. ಹೂವಿನ ಗಾಡಿ ಸಿಕ್ಕಿದರೆ ಬಾಡಿ ಹೊಸದರಂತಿರುತ್ತದೆ, ಆದರೆ ಬೆಳಗಿನ ಜಾವ ಬೆಂಗಳೂರು ಮುಟ್ಟಲೆಂದು ಹುಚ್ಚು ಹಿಡಿದಂತೆ ಓಡಿಸಿರುತ್ತಾರೆ. ಎಂಜಿನ್ ನೋಡಿ.

ನೋಡಲು ಹೋಗುವುದು ಬೆಳಿಗ್ಗೆಯೇ. ‘ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮುಚ್ಚಿಡುವಂಥದ್ದು ಏನೋ ಇದೆ. ತಣ್ಣಗಿನ ಎಂಜಿನ್ ಒಂದೇ ಸೆಲ್ಫಿಗೆ ಹಿಡಿಯಬೇಕು. ಮೊದಲ ಹೊಗೆ ಸ್ವಲ್ಪ ಬರುತ್ತದೆ, ನಿಲ್ಲಬೇಕು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರೋ ಇಂಜೆಕ್ಟರೋ, ಇದನ್ನು ಸರಿಮಾಡಬಹುದು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಬುಸ್ ಬುಸ್ ಎಂದು ಹೊಗೆ ಉಗುಳಿದರೆ ನಮ್ಮ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ: ಪಿಸ್ಟನ್ ರಿಂಗು ಮುಗಿದಿದೆ, ಎಂಜಿನ್ ಬಿಚ್ಚಬೇಕು. ಅಂಥದನ್ನು ನಾನು ಬೆಲೆ ಕೇಳುವುದಕ್ಕೂ ನಿಲ್ಲುವುದಿಲ್ಲ.

ಆಮೇಲೆ ಗಾಡಿ ಕೆಳಗೆ ಮಲಗಿ. ಪಂಚೆ ಹಾಳಾಗುತ್ತದೆ ಅಂದುಕೊಂಡವರು ಗಾಡಿ ಕೊಳ್ಳಬಾರದು. ದೊಡ್ಡ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಕಮಾನಿನ ಬ್ರಾಕೆಟ್ ಹತ್ತಿರ ವೆಲ್ಡಿಂಗ್ ಗುರುತಿದೆಯೇ ನೋಡಿ.

ಖಾಲಿ ಪಿಕಪ್ ಓಡಿಸಿ ನೋಡಿದರೆ ಏನೂ ತಿಳಿಯದು. ಖಾಲಿ ಇದ್ದಾಗ ಎಲ್ಲವೂ ಕುದುರೆಯೇ. ನಾನು ಹತ್ತಿರದ ಅಂಗಡಿಯಿಂದ ಇಪ್ಪತ್ತು ಮೂಟೆ ಸಿಮೆಂಟ್ ಹೇರಿಸಿ ಒಂದು ಏರು ಹತ್ತಿಸುತ್ತೇನೆ. 50 ಕೆಜಿಯಂತೆ ಒಂದು ಟನ್. (ಅಂಗಡಿಯವನಿಗೆ ನಾನು ಗಿರಾಕಿಯಾದ್ದರಿಂದ ನಡೆಯುತ್ತದೆ. ನಿಮಗೆ ಇಟ್ಟಿಗೆಯೋ ಗೊಬ್ಬರವೋ ಸಿಗಬಹುದು.) ಭಾರಕ್ಕೆ ಕ್ಲಚ್ ಜಾರಿದರೆ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಹಿಂದಿನ ಆಕ್ಸಲ್ ಕಡೆಯಿಂದ ಊಂ ಎಂಬ ದನಿ ಬಂದು ವೇಗದ ಜೊತೆ ಬದಲಾದರೆ ಆಕ್ಸಲ್ ಒಳಗಿನ ಕ್ರೌನ್ ಗೇರ್ ಸವೆದಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗ್ರಿಪ್ಪಿನ ಗೀರು ಆಳವಿದ್ದರೂ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಟೈರಿನ ದುಡ್ಡು ಬೇರೆ ಇಟ್ಟುಕೊಳ್ಳಿ.

ಕಾಗದ ಪತ್ರದ ಮಾತು ಬೇಗ ಮುಗಿಸುತ್ತೇನೆ. ಸರ್ಕಾರದ ಪರಿವಾಹನ್ ಸೈಟಿನಲ್ಲಿ ನಂಬರ್ ಹಾಕಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಟ್ಯಾಕ್ಸ್ ಎಂದಿನವರೆಗೆ ಇದೆ, ದಂಡ ಬಾಕಿ ಇದೆಯೇ ನೋಡಿ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು, ಅದನ್ನೂ ಖರ್ಚಿಗೆ ಸೇರಿಸಿ. ಸಾಲ ತೀರಿದೆ ಎಂಬ ಬಾಯಿಮಾತು ನಂಬಬೇಡಿ, ಫೈನಾನ್ಸ್‌ನವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು. ಗಾಡಿಯನ್ನು ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಡುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಹಾಗೆ ಮಾಡಬೇಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನವಷ್ಟೇ ಸಮಯ. ಅಪಘಾತವಾದರೆ ಕೋರ್ಟಿನಿಂದ ನೋಟಿಸ್ ಹೋಗುವುದು ಆರ್‌ಸಿಯಲ್ಲಿ ಹೆಸರಿರುವವನಿಗೆ, ನಿಮ್ಮ ರಿಪೇರಿ ಕ್ಲೇಮು ಕೂಡ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕಾರಿನ ಲೈಸೆನ್ಸ್ ಸಾಕೇ ಎಂದು ಬಹಳ ಜನ ಕೇಳುತ್ತಾರೆ. ಸಾಕು. 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು.

ಈಗಿರುವುದು ಬೊಲೆರೊ ಪಿಕಪ್, 2013ರದ್ದು, 2019ರಲ್ಲಿ ಎರಡು ಲಕ್ಷ ಎಂಬತ್ತೈದು ಸಾವಿರಕ್ಕೆ ಕೊಂಡೆ. ತಂದ ವಾರವೇ ಎಂಜಿನ್, ಗೇರ್, ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಗೇರ್ ಗೂಡು) ಮೂರರ ಆಯಿಲ್ ಬದಲಿಸಿದೆ. ಹೌಸಿಂಗ್ ಆಯಿಲನ್ನು ಯಾರೂ ನೆನೆಯುವುದಿಲ್ಲ, ನನ್ನದರಲ್ಲಿ ಡಾಂಬರಿನಂಥದ್ದು ಇಳಿಯಿತು. ಎಲ್ಲ ಫಿಲ್ಟರ್, ಫ್ಯಾನ್ ಬೆಲ್ಟ್ ಹೊಸದು. ಯಾವ ದಿನ ಏನು ಹಾಕಿದೆ ಎಂದು ಡ್ಯಾಶ್‌ಬೋರ್ಡಿನ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.

ನಮ್ಮ ಕೋಲಾರದ ಕಡೆಯವರಿಗೆ ಒಂದು ವಿಶೇಷ ಮಾತು: ರೇಡಿಯೇಟರಿಗೆ ಬೋರ್ ನೀರು ಹಾಕಬೇಡಿ. ಟೀ ಕಾಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ. ಬೇಸಿಗೆಯಲ್ಲಿ ಲೋಡಿನ ಜೊತೆ ಎಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋದರೆ ಕೂಲೆಂಟ್‌ನಲ್ಲಿ ಉಳಿಸಿದ್ದಕ್ಕಿಂತ ಹತ್ತು ಪಟ್ಟು ಖರ್ಚು. ಧೂಳಿನ ತೋಟದ ದಾರಿ, ಅದಕ್ಕೆ ಏರ್ ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ. ಡೀಸೆಲ್ ಫಿಲ್ಟರಿನ ಕೆಳಗಿನ ನೀರು ತಿಂಗಳಿಗೊಮ್ಮೆ ಬಿಡುತ್ತೇನೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಕಮಾನಿನ ಪಿನ್ನಿಗೆ ಗ್ರೀಸ್ ನಾನೇ ಹೊಡೆಯುತ್ತೇನೆ. ಗ್ರೀಸ್ ಗನ್ ದುಬಾರಿ ಸಾಮಾನಲ್ಲ. ದೂರ ಓಡಿ ಬಂದ ಕೂಡಲೇ ಎಂಜಿನ್ ಆಫ್ ಮಾಡದೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ತಣ್ಣಗಾಗಲಿ. 2020ರ ಏಪ್ರಿಲ್ ಆದಮೇಲಿನ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯಾದರೆ ಅದಕ್ಕೆ ಹೇಳಿದ ಆಯಿಲನ್ನೇ ಹಾಕಿ. ಹಳೆ ಗಾಡಿಯ ಆಯಿಲ್ ಹಾಕಿದರೆ ಸೈಲೆನ್ಸರಿನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತದೆ. ಊರೊಳಗಿನ ಸಣ್ಣ ಟ್ರಿಪ್ಪಿನಲ್ಲೂ ಅದು ಕಟ್ಟಿಕೊಳ್ಳುತ್ತದೆ, ಅಂಥ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಬಿಎಸ್6 ನನಗಂತೂ ಬೇಡ.

ಭಾರದ ವಿಷಯಕ್ಕೆ ಮತ್ತೆ ಬರುತ್ತೇನೆ. ಟೊಮೆಟೊ ಬಾಕ್ಸು 15 ಕೆಜಿ. ನೂರು ಬಾಕ್ಸಿಗೆ ಒಂದೂವರೆ ಟನ್, ಕ್ರೇಟಿನ ತೂಕ ಬೇರೆ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ತೂಕ ಕಳೆದು ನನ್ನ ಗಾಡಿಗೆ ಎಷ್ಟು ಬಾಕ್ಸ್ ಎಂದು ಬಾಗಿಲ ಒಳಗೆ ಪೇಂಟಿನಲ್ಲಿ ಬರೆಸಿದ್ದೇನೆ. ತುಂಬುವ ಹುಡುಗರ ಜೊತೆ ಜಗಳ ತಪ್ಪುತ್ತದೆ. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಒಡೆದ ಟೊಮೆಟೊ ರಸ ಹುಳಿ, ಅದೂ ಕಬ್ಬಿಣ ತಿನ್ನುತ್ತದೆ. ಮಂಡಿಯಿಂದ ಬಂದವನೇ ಲೋಡ್ ಬಾಡಿ ತೊಳೆದು, ನೀರಿಳಿಯುವ ತೂತುಗಳಿಗೆ ಕಡ್ಡಿ ಹಾಕಿ ಕಸ ತೆಗೆಯುತ್ತೇನೆ. ಮನೆಯವರು ನಗುತ್ತಾರೆ. ಮೀನಿನ ಗಾಡಿ ನೋಡಿದವರು ಅವರಲ್ಲವಲ್ಲ.

ಹೋದ ವಾರದಿಂದ ಕ್ಲಚ್ ತೀರ ಮೇಲೆ ಹಿಡಿಯುತ್ತಿದೆ. ಮಾವಿನ ಸೀಜನ್ ಮುಗಿದ ಮೇಲೆ ಬಿಚ್ಚಿಸಬೇಕು.