ಕರಿಯನಿಗೆ ವಯಸ್ಸಾದಾಗ ಮನೆಯಲ್ಲಿ ಬದಲಾದದ್ದು

ನಮ್ಮ ಕರಿಯ ಅಪ್ಪಟ ಊರುನಾಯಿ. ಹನ್ನೆರಡು ವರ್ಷ ದಾಟಿದ ಮೇಲೆ ಜಗುಲಿ ಹತ್ತುವುದನ್ನು ಬಿಟ್ಟು ಅಂಗಳದಲ್ಲೇ ಉಳಿಯತೊಡಗಿದ. ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುತ್ತಿದ್ದ. ಮನೆಗೆ ಬಂದವರೆಲ್ಲ "ವಯಸ್ಸಾಯಿತಲ್ಲ" ಎಂದು ತೀರ್ಪು ಕೊಟ್ಟು ಕಾಫಿ ಕುಡಿದು ಹೋಗುತ್ತಿದ್ದರು. ಪಶುವೈದ್ಯರು ಹಿಂಗಾಲನ್ನು ನಿಧಾನವಾಗಿ ಹಿಂದಕ್ಕೆ ಚಾಚಿದಾಗ ಅವನು ಕುಂಯ್ ಎನ್ನಲಿಲ್ಲ. ತಲೆ ತಿರುಗಿಸಿ ಅವರ ಕೈಯನ್ನು ನೋಡಿದ, ತುಟಿ ನೆಕ್ಕಿಕೊಂಡ, ಅಷ್ಟೇ. "ನೋವಾಗುತ್ತಿದೆ ಇವನಿಗೆ. ಕೀಲು ಸವೆದಿದೆ" ಎಂದರು ಅವರು.

ಮಾತ್ರೆಗಿಂತ ಮೊದಲು ನಾನು ಸರಿಪಡಿಸಿದ್ದು ನೆಲವನ್ನು. ನಮ್ಮದು ಮಲೆನಾಡಿನ ಹಳೆಯ ಮನೆ. ಕೆಂಪು ಗಾರೆಯ ನೆಲ ಒರೆಸಿ ಒರೆಸಿ ನುಣ್ಣಗಾಗಿದೆ, ಮಳೆಗಾಲದಲ್ಲಿ ಬೆವರುತ್ತದೆ ಬೇರೆ. ಅದರ ಮೇಲೆ ಕರಿಯನ ಹಿಂಗಾಲುಗಳು ಎರಡು ದಿಕ್ಕಿಗೆ ಜಾರಿ ಅಗಲವಾಗುತ್ತಿದ್ದವು. ಗೋಣಿಚೀಲ ಹಾಸಿದರೆ ಚೀಲವೇ ಜಾರುತ್ತದೆ. ಕೊಟ್ಟಿಗೆಯಲ್ಲಿ ದನಗಳಿಗೆ ಹಾಸುವ ರಬ್ಬರ್ ಮ್ಯಾಟನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಅವನು ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ ಹಾಸಿದೆ. ವಾರ ಕಳೆಯುವುದರೊಳಗೆ ಆ ಪಟ್ಟಿ ಬಿಟ್ಟು ಆಚೆ ಕಾಲಿಡದಷ್ಟು ಜಾಣನಾದ. ಜಗುಲಿಯ ಮೆಟ್ಟಿಲಿಗೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಒತ್ತೊತ್ತಾಗಿ ಜೋಡಿಸಿ ಇಳಿಜಾರು ಮಾಡಿದೆವು. ನಡುನಡುವೆ ಅಡ್ಡಪಟ್ಟಿ ಹೊಡೆದದ್ದರಿಂದ ಉಗುರಿಗೆ ಹಿಡಿತ ಸಿಗುತ್ತದೆ.

ಉಗುರನ್ನೂ ಮರೆಯುವಂತಿಲ್ಲ. ಓಡಾಟ ಕಡಿಮೆಯಾದ ನಾಯಿಯ ಉಗುರು ಸವೆಯುವುದಿಲ್ಲ. ಉದ್ದ ಬೆಳೆದ ಉಗುರು ನೆಲಕ್ಕೆ ತಾಗಿ ಬೆರಳನ್ನು ಮೇಲಕ್ಕೆ ತಳ್ಳುತ್ತದೆ, ಪಾದ ನೆಲ ಕಚ್ಚುವುದಿಲ್ಲ. ಕರಿಯನದು ಕಪ್ಪು ಉಗುರು, ಒಳಗಿನ ರಕ್ತನಾಳ ಕಾಣಿಸದು. ಹಾಗಾಗಿ ತುದಿಯನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತೇನೆ.

ತೂಕ ಇಳಿಸುವುದು ಮುಂದಿನ ಕೆಲಸ. ಅಡಿಕೆ ತೂಗುವ ಯಂತ್ರದ ಮೇಲೆ ಅವನನ್ನು ಎತ್ತಿಕೊಂಡು ನಿಂತು, ಆಮೇಲೆ ನನ್ನ ತೂಕ ಕಳೆಯುವುದು ನಮ್ಮ ಪದ್ಧತಿ. ಅನ್ನ ಕಡಿಮೆ ಮಾಡಿ ಮೊಟ್ಟೆ ಹೆಚ್ಚಿಸಿದೆವು. ಒಳಗಿನ ಒಲೆಯ ಮೇಲೆ ಮೊಟ್ಟೆ ಬೇಯಿಸಲು ಒಪ್ಪದ ಅಮ್ಮ ಹಿತ್ತಿಲಲ್ಲಿ ಅವನಿಗೆಂದೇ ಮೂರು ಕಲ್ಲು ಹೂಡಿದರು. ಈಗ ಬೇಯಿಸುವವರೂ ಅವರೇ. ಉಳಿದ ಸಾಂಬಾರು ಕಲಸಿ ಹಾಕುವುದು ನಿಂತಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ನೋವಿಗೆ ವೈದ್ಯರು ಬರೆದದ್ದು ಮೆಲಾಕ್ಸಿಕಾಮ್. ಮೂತ್ರಪಿಂಡ, ಯಕೃತ್ತು ಹೇಗಿವೆ ಎಂದು ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಶುರು ಮಾಡಿದರು. ತೂಕದ ಲೆಕ್ಕದಲ್ಲಿ, ಊಟವಾದ ಮೇಲೆ ಕೊಡಬೇಕು. ವಾಂತಿಯಾದರೆ, ಮಲ ಕಪ್ಪಾದರೆ ನಿಲ್ಲಿಸಿ ಫೋನ್ ಮಾಡಬೇಕು. ಮನುಷ್ಯರ ನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಹಾಕುವ ಅಭ್ಯಾಸ ಊರಲ್ಲಿ ಬೇಕಾದಷ್ಟಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡವೂ ಕೆಡುತ್ತದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ರಣಹದ್ದುಗಳನ್ನು ಕೊಂದದ್ದರಿಂದ 2006ರಲ್ಲಿ ನಮ್ಮ ದೇಶದಲ್ಲಿ ಪಶುಚಿಕಿತ್ಸೆಗೆ ಅದರ ತಯಾರಿಕೆಯನ್ನು ನಿಷೇಧಿಸಿದರು. ಆಗ ಬದಲಿಯಾಗಿ ಮುಂದೆ ಬಂದದ್ದು ಇದೇ ಮೆಲಾಕ್ಸಿಕಾಮ್.

ಈ ವಯಸ್ಸಿನಲ್ಲಿ ನಾನು ದಿನವೂ ಗಮನಿಸುವುದು ನೀರನ್ನು. ಬೆಳಗ್ಗೆ ಅಳೆದು ತುಂಬಿಸುತ್ತೇನೆ, ಸಂಜೆ ಎಷ್ಟು ಉಳಿದಿದೆ ಎಂದು ನೋಡುತ್ತೇನೆ. ಇದ್ದಕ್ಕಿದ್ದಂತೆ ಹೆಚ್ಚು ಕುಡಿಯುವುದು ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರುವುದರ ಸೂಚನೆಯಾಗಬಹುದು. ರಾತ್ರಿ ಒಳಗೆ ಉಚ್ಚೆ ಹೊಯ್ಯುತ್ತಾನೆಂದು ನೀರು ತೆಗೆದಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೆಲ ತೊಳೆದರಾಯಿತು.

ರೇಬಿಸ್ ಲಸಿಕೆ ವರ್ಷವರ್ಷವೂ ಹಾಕಿಸುತ್ತೇವೆ, ಮುದಿಯೆಂದು ಅದಕ್ಕೆ ವಿನಾಯಿತಿ ಇಲ್ಲ. ಉಣ್ಣಿ ತಡೆಯುವುದಕ್ಕೂ ಇಲ್ಲ. ಮಳೆಗಾಲದಲ್ಲಿ ತೋಟದಿಂದ ಬಂದ ಕೂಡಲೇ ಬೆರಳ ಸಂದು, ಕಿವಿ, ಮೂಗಿನ ಹೊಳ್ಳೆಗಳಲ್ಲಿ ರಕ್ತ ಹೀರುವ ಉಂಬಳವಿದೆಯೇ ಎಂದು ನೋಡುವುದು ನನ್ನ ಕೆಲಸ. ಚಳಿ ಹೆಚ್ಚಾದರೆ ಬಚ್ಚಲ ಒಲೆಯ ಪಕ್ಕ ಹಳೆಯ ಕಂಬಳಿ ಹಾಸುತ್ತೇವೆ.

ಇತ್ತೀಚೆಗೆ ರಾತ್ರಿ ಎದ್ದು ತಿರುಗುತ್ತಾನೆ. ಒಮ್ಮೊಮ್ಮೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಾನೆ, ಹಿಂದಕ್ಕೆ ಸರಿಯುವುದು ಹೇಗೆಂದು ತಿಳಿಯದವನ ಹಾಗೆ. ಮುದಿ ನಾಯಿಗಳಲ್ಲಿ ಇಂಥ ಮರೆವು ಇರುತ್ತದಂತೆ. ನಡುಮನೆಯಲ್ಲಿ ರಾತ್ರಿಯಿಡೀ ಝೀರೋ ಬಲ್ಬ್ ಉರಿಯುತ್ತದೆ, ಮಂಚ-ಕುರ್ಚಿಗಳ ಜಾಗ ಬದಲಿಸುವುದನ್ನು ಬಿಟ್ಟಿದ್ದೇವೆ. ಸಂಜೆ ತೋಟದ ದಾರಿಯಲ್ಲಿ ಅವನಿಷ್ಟದಂತೆ ಮೂಸಿಕೊಂಡು ಬಂದ ದಿನ ನಿದ್ದೆ ಪರವಾಗಿಲ್ಲ. ಕಿವಿಯೂ ಮಂದವಾಗಿದೆ. ಮಲಗಿದ್ದಾಗ ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಬಾಯಿ ಹಾಕಬಹುದು. ಆದ್ದರಿಂದ ಅಣ್ಣನ ಮಕ್ಕಳು ಬಂದಾಗ, ಹತ್ತಿರ ಹೋಗುವ ಮೊದಲು ಎದುರಿಗೆ ನಿಂತು ನೆಲಕ್ಕೆ ಎರಡು ಸಲ ಕಾಲು ಬಡಿಯಬೇಕು, ಅವನು ಕಣ್ಣು ತೆರೆದ ಮೇಲೆಯೇ ಕೈ ಚಾಚಬೇಕು ಎಂದು ಹೇಳಿಕೊಟ್ಟಿದ್ದೇನೆ.