ಅಪ್ಪಯ್ಯನ ಹಳೇ ಫೋನು, ಮನೆಯ ಹೊಸ ರೂಟರು

ಹೋದ ಮಳೆಗಾಲದಲ್ಲಿ ಸಿಡಿಲಿಗೆ ನಮ್ಮ ಮನೆಯ ರೂಟರ್ ಸುಟ್ಟಿತು. ಶಿರಸಿ ಕಡೆಯ ತೋಟದ ಮನೆಗಳಲ್ಲಿ ಇದೇನು ಹೊಸದಲ್ಲ. ಗುಡುಗಿದ ಕೂಡಲೇ ಪ್ಲಗ್ ಕೀಳಬೇಕು, ಅವತ್ತು ಮರೆತಿದ್ದೆ.

ಪೇಟೆಯಿಂದ ಹೊಸದು ತಂದು ಹಾಕಿದೆ. ನನ್ನ ಫೋನು, ಹೆಂಡತಿಯ ಫೋನು ಸರಾಗವಾಗಿ ಸೇರಿಕೊಂಡವು. ಅಷ್ಟರಲ್ಲಿ ಜಗಲಿಯಿಂದ ಅಪ್ಪಯ್ಯನ ಕೂಗು: "ತಮಾ, ಯನ್ನ ಫೋನಲ್ಲಿ ನೆಟ್ಟೇ ಬರ್ತಿಲ್ಲೆ!"

ಹೆಸರು ಕಾಣುತ್ತಿತ್ತು. ಪಾಸ್‌ವರ್ಡ್ ಸರಿಯಾಗಿಯೇ ಒತ್ತಿದ್ದೆ. ಎರಡು ಸೆಕೆಂಡ್ 'ಕನೆಕ್ಟಿಂಗ್' ಅನ್ನುತ್ತಿತ್ತು, ಮತ್ತೆ 'ಸೇವ್ಡ್' ಅಂತ ತೋರಿಸಿ ಸುಮ್ನಾಗುತ್ತಿತ್ತು. ಮೂರು ಸಲ ಪಾಸ್‌ವರ್ಡ್ ಬದಲಿಸಿದೆ. ದಂಡ.

ರೂಟರಿನ ಸೆಟ್ಟಿಂಗ್ ತೆರೆದಾಗ ವಿಷಯ ಗೊತ್ತಾಯಿತು. ಸೆಕ್ಯುರಿಟಿ 'ಡಬ್ಲ್ಯೂಪಿಎ3 ಮಾತ್ರ' ಅಂತಿತ್ತು. ಅದು ವೈಫೈಗೆ ಹಾಕುವ ಬೀಗದ ಹೊಸ ಮಾದರಿ, ಬಂದದ್ದು 2018ರಲ್ಲಿ. ಆಂಡ್ರಾಯ್ಡ್‌ಗೆ ಸೇರಿದ್ದು 2019ರ ಹತ್ತನೇ ಆವೃತ್ತಿಯಲ್ಲಿ. ಅಪ್ಪಯ್ಯನ ಫೋನು ಅದಕ್ಕಿಂತ ಹಿಂದಿನದು. ಹಿಂದಿನ ಡಬ್ಲ್ಯೂಪಿಎ2, ಹೊಸ ಡಬ್ಲ್ಯೂಪಿಎ3 ಎರಡೂ ಸೇರಿದ ಮಿಕ್ಸೆಡ್ ಮೋಡ್ ಹಾಕಿದೆ. ಈಗ ಸೇರಿತು, ಆದರೆ ಐದು ನಿಮಿಷಕ್ಕೊಮ್ಮೆ ಬೀಳತೊಡಗಿತು. ಡಬ್ಲ್ಯೂಪಿಎ3ರ ಜೊತೆ ಪಿಎಂಎಫ್ ಅಂತ ಒಂದು ಕಾವಲು ಬರುತ್ತದೆ. ಹೊರಗಿನವರು ನಕಲಿ ಸಂದೇಶ ಕಳಿಸಿ ನಿಮ್ಮ ಫೋನನ್ನು ವೈಫೈಯಿಂದ ಕೆಡವದ ಹಾಗೆ ಅದು ತಡೆಯುತ್ತದೆ. ಕೆಲವು ಹಳೇ ಫೋನುಗಳಿಗೆ ಅದರ ಜೊತೆ ಹೊಂದಿಕೆಯಾಗುವುದಿಲ್ಲ.

ರೋಸಿಹೋಗಿ ಎಲ್ಲದಕ್ಕೂ ಇನ್ನೂ ಹಳೇ ಡಬ್ಲ್ಯೂಪಿಎ, ಅದರ ಟಿಕೆಐಪಿ ಅನ್ನುವ ಗೂಢಲಿಪಿ ವಿಧಾನ ಇಟ್ಟುಬಿಟ್ಟೆ. ಅಪ್ಪಯ್ಯ ಖುಷಿ. ದೀಪಾವಳಿಗೆ ಬಂದ ತಂಗಿಯ ಐಫೋನ್ ಮಾತ್ರ 'ವೀಕ್ ಸೆಕ್ಯುರಿಟಿ' ಅಂತ ತೋರಿಸಿತು. "ಅಣ್ಣಾ, ಇದೆಂತ?" ಅಂದಳು. ಅವಳ ಫೋನು ಹೇಳಿದ್ದು ನಿಜ. ಟಿಕೆಐಪಿ ಹಳತಾಗಿ ಸೋರುವ ಬೀಗ. ಮೇಲಿಂದ ವೇಗವೂ 54 ಎಂಬಿಪಿಎಸ್ ದಾಟುವುದಿಲ್ಲ. ಒಂದು ಕರು ಒಳಗೆ ಬರಲಿ ಅಂತ ದಣಪೆಯನ್ನೇ ತೆಗೆದಿಟ್ಟ ಹಾಗೆ ಮಾಡಿದ್ದೆ ನಾನು.

ಆಮೇಲೆ ಕರುವಿಗೆ ಬೇರೆ ದಾರಿ ಮಾಡಿದೆ. ಗೆಸ್ಟ್ ನೆಟ್‌ವರ್ಕ್ (ಮುಖ್ಯದ್ದರಿಂದ ಬೇರೆಯಾಗಿರುವ, ಅತಿಥಿಗಳ ವೈಫೈ) ಆನ್ ಮಾಡಿ, ಅದಕ್ಕೆ ಡಬ್ಲ್ಯೂಪಿಎ2, ಟಿಕೆಐಪಿಗಿಂತ ಗಟ್ಟಿಯಾದ ಎಇಎಸ್ ಗೂಢಲಿಪಿ, 2.4 ಗಿಗಾಹರ್ಟ್ಸ್ ತರಂಗ ಇಟ್ಟೆ. ಮುಖ್ಯ ನೆಟ್‌ವರ್ಕ್ ವಾಪಸ್ ಡಬ್ಲ್ಯೂಪಿಎ3ಗೆ. ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾವನ್ನೂ ಗೆಸ್ಟ್‌ಗೇ ದಾಟಿಸಿದೆ. ಅದಕ್ಕೆ 5 ಗಿಗಾಹರ್ಟ್ಸ್ ಹಿಡಿಯುವುದೇ ಇಲ್ಲ. ಹಿಡಿದರೂ ನಮ್ಮ ಚಿರೆಕಲ್ಲಿನ ದಪ್ಪ ಗೋಡೆ ದಾಟಿ ಹೊರಗೆ ಹೋಗುವುದು ಕಷ್ಟ. 2.4 ನಿಧಾನವಾದರೂ ದೂರ ಹೋಗುತ್ತದೆ. ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರಿಸುವ ಡಬ್ಲ್ಯೂಪಿಎಸ್ ಸೌಲಭ್ಯ ಬಂದ್ ಮಾಡಿದೆ. ಅದರ ಎಂಟಂಕಿಯ ಪಿನ್ ಅನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ 11,000 ಪ್ರಯತ್ನದೊಳಗೆ ಸಿಕ್ಕಿಬಿಡುತ್ತದೆ ಅಂತ 2011ರಲ್ಲೇ ಬಯಲಾಗಿತ್ತು.

ಒಂದು ಜಾಣತನ ಮಾಡಲು ಹೋಗಿ ಪೆಚ್ಚಾದೆ. ಮನೆಯವರ ಫೋನಿನ ಮ್ಯಾಕ್ ವಿಳಾಸಗಳನ್ನಷ್ಟೇ (ನೆಟ್‌ವರ್ಕ್‌ನಲ್ಲಿ ಫೋನನ್ನು ಗುರುತಿಸುವ ಸಂಖ್ಯೆ) ಬಿಡುವ ಪಟ್ಟಿ ಬರೆದೆ. ನನ್ನ ಫೋನೇ ಹೊರಗೆ ನಿಂತಿತು! ಸೆಟ್ಟಿಂಗ್‌ನ 'ಅಬೌಟ್ ಫೋನ್'ನಲ್ಲಿ ಕಂಡದ್ದನ್ನು ಬರೆದಿದ್ದೆ. ಈಗಿನ ಫೋನುಗಳು ವೈಫೈಗೆ ಬೇರೆಯೇ ಒಂದು ರಾಂಡಮ್ ವಿಳಾಸ ಕೊಡುತ್ತವೆ. ಹೇಗೂ ಆ ವಿಳಾಸ ಗಾಳಿಯಲ್ಲಿ ಬಹಿರಂಗವಾಗಿ ಹೋಗುತ್ತದೆ, ನಕಲು ಮಾಡುವುದು ಸುಲಭ. ಪಟ್ಟಿ ಅಳಿಸಿ ಹಾಕಿ, ಪಾಸ್‌ವರ್ಡ್ ಉದ್ದ ಮಾಡಿದೆ.

ಗೆಸ್ಟ್‌ನಲ್ಲಿರುವ ಫೋನಿಂದ ಮುಖ್ಯ ನೆಟ್‌ವರ್ಕ್‌ನ ಪ್ರಿಂಟರ್‌ಗೆ ಏನೂ ಕಳಿಸಲಿಕ್ಕಾಗುವುದಿಲ್ಲ. ಅಪ್ಪಯ್ಯ ಇನ್ನೂ ಕೇಳಿಲ್ಲ. ಯಕ್ಷಗಾನದ ವಿಡಿಯೋ ನಡುವೆ ನಿಂತರೆ ಮಾತ್ರ ಜಗಲಿಯಿಂದ ಕೂಗು ಬರುತ್ತದೆ.