ಎಷ್ಟು ಕುಡೀತೀರಿ ಅಂತ ಕೇಳೋದು ಬಿಟ್ಟೆ

ಹುಬ್ಬಳ್ಳಿಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಆಪ್ತಸಮಾಲೋಚಕನಾಗಿದ್ದೇನೆ. ಹೊಸದಾಗಿ ಸೇರಿದವರ ಹಿಸ್ಟರಿ ಬರೆಯುವುದು ನನ್ನ ಕೆಲಸ. ಕುಡಿತ, ನಶೆ ಎಷ್ಟಿದೆ ಅಂತ ಅಳೆಯಲು ಆಡಿಟ್, ಅಸಿಸ್ಟ್ ಅನ್ನುವ ಸಿದ್ಧ ಪ್ರಶ್ನಾವಳಿಗಳಿವೆ. ಅವು ನನ್ನ ಕೈಯಲ್ಲಿ ಯಾಕೆ ಸೋತವು, ಆಮೇಲೆ ಏನು ಮಾಡಿದೆ ಅನ್ನೋದನ್ನು ಮಾತ್ರ ಹೇಳುತ್ತೇನೆ.

ಫಾರಂನಲ್ಲಿ ಉದ್ಯೋಗಕ್ಕೆ ಒಂದು ಗೆರೆ. ಹತ್ತರಲ್ಲಿ ಆರೇಳು ಜನರಿಗೆ 'ಕೂಲಿ' ಅಂತ ಬರೆಯುತ್ತಿದ್ದೆ. ದಿನಕ್ಕೆ ಎಷ್ಟು ಅನ್ನುವ ಕಡೆ 'ಒಂದು ಕ್ವಾರ್ಟರ್'. ನೂರು ಫಾರಂ ತಿರುವಿದರೂ ಒಬ್ಬನೇ ಮನುಷ್ಯ ನೂರು ಸಲ ಬಂದುಹೋದ ಹಾಗೆ ಕಾಣುತ್ತಿತ್ತು.

ಗೌಂಡಿ ಕೆಲಸದ ಒಬ್ಬರು ಬಂದಿದ್ದರು. "ಸಂಜೀಕ ಒಂದ ಕ್ವಾಟ್ರ, ಅಷ್ಟ ರೀ ಸರ" ಅಂದರು. ಹಾಗೇ ಬರೆದೆ. ಕುಡಿತ ಬಿಟ್ಟಾಗಿನ ತೊಂದರೆ ತಡೆಯುವ ಮಾತ್ರೆಯ ಡೋಸೂ ಆ ಲೆಕ್ಕಕ್ಕೇ ಬಿತ್ತು. ಮರುದಿನ ರಾತ್ರಿ ಫಿಟ್ಸ್ ಬಂತು. ಕುಡಿತ ನಿಂತ 6ರಿಂದ 48 ಗಂಟೆಯೊಳಗೆ ಅದು ಬರಬಹುದು ಅಂತ ನಮಗೆಲ್ಲ ಗೊತ್ತು, ಆದರೆ ಇವರಿಗೆ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ದೊಡ್ಡಾಸ್ಪತ್ರೆಗೆ ಸಾಗಿಸಿದೆವು, ಉಳಿದರು. ವರಾಂಡದಲ್ಲಿ ಅವರ ಹೆಂಡತಿ ಹೇಳಿದರು: "ಮುಂಜಾನೆ ಹಲ್ಲ ತಿಕ್ಕೂಕ್ಕಿಂತ ಮೊದಲ ಬೇಕ್ರೀ ಅವರಿಗೆ." ಆ ಅಕ್ಕನನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಎಷ್ಟೋ ದಿನ ನಿದ್ದೆ ಬರಲಿಲ್ಲ.

ಮೊದಲು ಲೋಟದಿಂದ ಶುರು ಮಾಡಿದೆ. ದುರ್ಗದ ಬೈಲಿಗೆ ಹೋಗಿ ಮೂರು ಥರದ ಲೋಟ, ಒಂದು ಅಳತೆ ಜಾರು ತಂದೆ. ಎಲ್ಲ ಸೇರಿ ಮುನ್ನೂರು ರೂಪಾಯಿ ಇರಬೇಕು. ನೀರಿನ ತಂಬಿಗೆ ಮುಂದಿಟ್ಟು "ನೀವು ಹಾಕ್ಕೊಳ್ಳೋ ಹಂಗ ಹಾಕ್ರಿ" ಅನ್ನುತ್ತೇನೆ. ಎರಡು ಪೆಗ್ ಅಂದ ಒಬ್ಬರ ಕೈ ಎರಡೂ ಸಲ ಲೋಟದ ಅರ್ಧ ದಾಟಿತು. ಜಾರಿಗೆ ಸುರಿದರೆ 210 ಎಂಎಲ್. ನಮ್ಮಲ್ಲಿಯ ವಿಸ್ಕಿ, ರಮ್ 42.8 ಪರ್ಸೆಂಟಿನವು. 30 ಎಂಎಲ್ ಪೆಗ್ಗಿಗೆ 10 ಗ್ರಾಂ ಆಲ್ಕೋಹಾಲ್. ಫಾರಂನಲ್ಲಿ 20 ಗ್ರಾಂ, ಹೊಟ್ಟೆಯಲ್ಲಿ 70!

ಆಮೇಲೆ ದುಡ್ಡು. ಶನಿವಾರದ ಬಟವಡೆ ಎಷ್ಟು ಬಂತು, ಮನೆಗೆ ಎಷ್ಟು ಮುಟ್ಟಿತು, ಸಂಘದ ಕಂತು ಎಷ್ಟು. ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳುವುದೇ ಬೇಡ, ಅವರೇ ಹೇಳುತ್ತಾರೆ. ಕುಡಿತದ ಬಗ್ಗೆ ಸುಳ್ಳು ಹೇಳುವವರೂ ಪಗಾರದ ಬಗ್ಗೆ ಸುಳ್ಳು ಹೇಳುವುದು ಕಡಿಮೆ. ದಿನ ನೆನಪಿಸಲು ಕ್ಯಾಲೆಂಡರ್ ಬಳಸುವ ಪದ್ಧತಿ ಮೊದಲಿಂದ ಇದೆ. ನಾನು ತಾರೀಖು ಬಿಟ್ಟು ಹಬ್ಬ ಹಿಡಿದೆ. ಕಾರಹುಣ್ಣಿಮೆ, ಪಂಚಮಿ, ಬನ್ನಿ, ಸಿದ್ಧಾರೂಢ ಮಠದ ತೇರು. ಜುಲೈ ಹದಿನಾಲ್ಕು ಯಾರಿಗೂ ನೆನಪಿರಲ್ಲ, ಪಂಚಮಿ ಇರುತ್ತದೆ.

ಜೊತೆ ಕೆಲಸ ಮಾಡುವ ಇಬ್ಬರು "ಇದೇನು ಸೊಸೈಟಿ ಸಾಲದ ಅರ್ಜಿನಾ?" ಅಂದರು. ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದೂವರೆ ತಾಸು ಹಿಡಿಯುತ್ತಿತ್ತು. ಮೊದಲ ಎರಡು ತಿಂಗಳು ಪೂರಾ ಫೇಲ್. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿದ್ದೇ ತಪ್ಪು, ನನ್ನ ಮುಂದೇ ಜಗಳ. ಈಗ ಬೇರೆ ಬೇರೆ ಕೂರಿಸುತ್ತೇನೆ. ಮನೆಯವರಿಗೆ ಮೊದಲು ಯಾವ ಪ್ರಶ್ನೆ ಕೇಳುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕರೆ ಹೇಳುತ್ತೇನೆ. ಝೆರಾಕ್ಸು, ಫೋನು ಅಂತ ಒಂದು ವರ್ಷಕ್ಕೆ ಕೈಯಿಂದ ನಾಲ್ಕು ಸಾವಿರದ ಹತ್ತಿರ ಹೋಯಿತು.

ಆದರೆ ಆ 'ಕೂಲಿ' ಒಡೆಯಿತು. ಎಪಿಎಂಸಿ ಹಮಾಲರು ನಸುಕಿಗೇ ಒಂದು ನೈಂಟಿ ಹಾಕುತ್ತಾರೆ, ಬೆನ್ನು ಏಳಬೇಕಲ್ವಾ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ದುಡಿಯುವವರಿಗೆ ಬೇಸಿಗೆ ತನಕ ಜಾಸ್ತಿ, ಮಳೆಗಾಲಕ್ಕೆ ಉದ್ರಿ. ಗೌಂಡಿಗಳದು ಬಟವಡೆಯಿಂದ ಸೋಮವಾರದವರೆಗೆ ಒಂದೇ ಸಮ, ಸೋಮವಾರ ಕೆಲಸ ತಪ್ಪುತ್ತದೆ. ಲಾರಿ ಡ್ರೈವರ್‌ಗಳದು ಗುಟ್ಕಾ ಮೊದಲು, ಎಣ್ಣೆ ಆಮೇಲೆ. ಧಾರವಾಡದ ಕಡೆಯಿಂದ ಬಂದ ಕಾಲೇಜು ಹುಡುಗರದು ಗಾಂಜಾ. ಅವರಿಗೆ ಬಟವಡೆ ಲೆಕ್ಕ ನಡೆಯಲ್ಲ, ಫೋನ್‌ಪೇ ನೋಡಬೇಕು. ನಶೆಗೆ ಪಂಚರ್ ಅಂಟಿನ ಸೊಲ್ಯೂಷನ್ ಮೂಸುವ ಚಿಕ್ಕ ಹುಡುಗರ ಹತ್ತಿರ ದುಡ್ಡೇ ಇರಲ್ಲ. ಅಲ್ಲಿ ನನ್ನ ಪದ್ಧತಿ ಇನ್ನೂ ಸೋಲುತ್ತಿದೆ, ಅದು ನನ್ನನ್ನು ಕಾಡುತ್ತದೆ.

ಹೆಂಗಸರು ನಮ್ಮಲ್ಲಿ ಸೇರುವುದು ಬಲು ಅಪರೂಪ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಕುಡಿಯುವ ಗಂಡಸರು 27.3 ಪರ್ಸೆಂಟ್, ಹೆಂಗಸರು 1.6. ಆದರೆ ರೋಗಿಯ ಜೊತೆ ಬಂದ ಅಕ್ಕಂದಿರನ್ನು ಸುಮ್ನೆ ಒಂದು ತಿಂಗಳು ಕೇಳಿ ನೋಡಿದೆ. ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ತಿಕ್ಕುವವರು ಎಷ್ಟೊಂದು! ಹಲ್ಲುಪುಡಿ ಅಂತಲೇ ತಿಳಿದಿದ್ದಾರೆ. ತಂಬಾಕಿನ ಗೆರೆಯಲ್ಲಿ ಅದನ್ನು ಸೇರಿಸಿಕೊಂಡೆ.

ನನಗೆ ಹೆಚ್ಚು ಸಿಕ್ಕಿದ್ದು ಶ್ರಾವಣದ ಪ್ರಶ್ನೆಯಿಂದ. "ಶ್ರಾವಣದಾಗ ಬಿಟ್ಟಿದ್ರೇನ್ರಿ?" ಬಿಟ್ಟು ಆರಾಮ ಇದ್ದವರು ಬೇರೆ. ಮೂರನೇ ದಿನಕ್ಕೆ ಕೈ ನಡುಗಿ, ದೇವರಿಗೆ ತಪ್ಪು ಕಾಣಿಕೆ ಕಟ್ಟಿ ಮತ್ತೆ ಕುಡಿದವರು ಬೇರೆ. ಫಿಟ್ಸ್ ಬರಬಹುದಾದ ಈ ಎರಡನೆಯವರ ಹಾಳೆಯ ಮೇಲೆ ಕೆಂಪು ಗೆರೆ ಎಳೆದು ಡಾಕ್ಟರ್ ಕೈಗೆ ನೇರ ಕೊಡುತ್ತೇನೆ. ಹೋದ ವರ್ಷದಿಂದ ಅವರೇ ಮೊದಲು ನನ್ನ ಹಾಳೆ ಕೇಳುತ್ತಾರೆ, ಆಮೇಲೆ ಫಾರಂ. ಅನುಮಾನ ಪಟ್ಟ ಇಬ್ಬರೂ ಈಗ ಅದನ್ನೇ ಬಳಸುತ್ತಾರೆ.

ಬಿಡುಗಡೆಯಾಗಿ ಹೋದವರಿಗೆ ಮೊದಲು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಈಗ ಶ್ರಾವಣ ಮುಗಿಯುವ ಅಮಾವಾಸ್ಯೆಯ ಹಿಂದಿನ ಸಂಜೆ ಮಾಡುತ್ತೇನೆ. ಗೌಂಡಿಗಳಿಗೆ ಶನಿವಾರ, ಬಟವಡೆಗೆ ಮುಂಚೆ, ನಾಲ್ಕು ಗಂಟೆಗೆ.